ಆ ವೈರ್ ಕೀಳಿಸಬೇಕಾ ಬೇಡ್ವಾ?

ರವಿ: *ಫಾರ್ವರ್ಡ್:* ಹಗಲಲ್ಲಿ ಕಾರಿನ ಮುಂದೆ ಉರಿಯುವ ಡಿಆರ್‌ಎಲ್ (ಡೇಟೈಮ್ ರನ್ನಿಂಗ್ ಲೈಟ್) ಬರೀ ಶೋಕಿ!! ಬ್ಯಾಟರಿ ತಿನ್ನುತ್ತದೆ. ಇಂದೇ ವೈರ್ ಕೀಳಿಸಿ. ಹತ್ತು ಜನಕ್ಕೆ ಕಳಿಸಿ 🙏

ರವಿ: ನೋಡಿದಿರಾ? ನಾನು ಮೊದಲಿಂದಲೂ ಇದನ್ನೇ ಹೇಳುತ್ತಿದ್ದೆ. ಬಿಸಿಲಲ್ಲಿ ದೀಪ ಯಾಕೆ?

ಕಿರಣ್: ಚಿಕ್ಕಪ್ಪ, ಅದು ನಮಗೆ ದಾರಿ ತೋರಿಸೋಕಲ್ಲ. ಎದುರಿಗೆ ಬರುವವರಿಗೆ ನಾವು ಕಾಣಿಸಲಿ ಅಂತ. ಬ್ಯಾಟರಿ ವಿಷಯ ಸುಮ್ನೆ. ಎಂಜಿನ್ ಓಡುವಾಗ ಅದರಿಂದಲೇ ತಿರುಗುವ ಆಲ್ಟರ್ನೇಟರ್ ಕರೆಂಟ್ ಕೊಡುತ್ತದೆ. ಹ್ಯಾಲೊಜೆನ್ ಹೆಡ್‌ಲೈಟ್ ಒಂದಕ್ಕೇ 55 ವ್ಯಾಟ್ ಬೇಕು, ಎಲ್‌ಇಡಿ ಡಿಆರ್‌ಎಲ್‌ಗೆ ಅಷ್ಟೆಲ್ಲ ಬೇಡ.

ಸುಮಾ: ನನಗೆ ಬಿಸಿಲಲ್ಲೇ ಉಪಯೋಗಕ್ಕೆ ಬಂದಿದೆ. ಹೋದ ವಾರ ಲಾರಿ ಹಿಂದೆ ಸಿಕ್ಕಿಕೊಂಡಿದ್ದೆ. ಎರಡೂ ಕಡೆ ಮರ, ರಸ್ತೆ ತುಂಬ ಬಿಸಿಲು ನೆರಳಿನ ಚುಕ್ಕೆ. ಓವರ್‌ಟೇಕ್ ಮಾಡೋಣ ಅಂತ ಸ್ವಲ್ಪ ಹೊರಗೆ ಬಂದೆ. ನೆರಳಿನಲ್ಲಿ ಎರಡು ಬಿಳಿ ಗೆರೆ! ಎದುರಿಗೆ ಬರುತ್ತಿದ್ದ ಕಾರಿನ ಬಣ್ಣ ಟಾರಿನದೇ ಬಣ್ಣ. ಲೈಟ್ ಇಲ್ಲದಿದ್ದರೆ ಕಾಣುತ್ತಲೇ ಇರಲಿಲ್ಲ.

ರವಿ: ಕಣ್ಣು ಪರೀಕ್ಷೆ ಮಾಡಿಸು ಅಕ್ಕ.

ಸುಮಾ: ನೀನು ಮೊದಲು ಕನ್ನಡಕ ಎಲ್ಲಿಟ್ಟೆ ಅಂತ ಹುಡುಕು.

ಕಿರಣ್: ಅತ್ತೆ ಹೇಳಿದ್ದೇ ಸರಿ. ಎರಡೂ ಕಾರು 80ರಲ್ಲಿ ಬಂದರೆ ನಡುವಿನ ದೂರ ಸೆಕೆಂಡಿಗೆ 44 ಮೀಟರ್ ಕಮ್ಮಿಯಾಗುತ್ತದೆ. ಎರಡು ಸೆಕೆಂಡ್ ಮೊದಲೇ ಕಂಡರೂ ದೊಡ್ಡದು. ಸ್ವೀಡನ್ 1977ರಲ್ಲೇ ಹಗಲು ಲೈಟ್ ಕಡ್ಡಾಯ ಮಾಡಿತು. ಯುರೋಪ್ ಒಕ್ಕೂಟದಲ್ಲಿ 2011ರಿಂದ ಹೊಸ ಮಾದರಿಯ ಕಾರುಗಳಿಗೆ ಡಿಆರ್‌ಎಲ್ ಇರಲೇಬೇಕು.

ರವಿ: ಸ್ವೀಡನ್‌ನಲ್ಲಿ ಚಳಿಗಾಲ ಬಂದರೆ ಮಧ್ಯಾಹ್ನವೇ ಕತ್ತಲು ಕಣೋ. ಆಸ್ಟ್ರಿಯಾದವರು 2005ರಲ್ಲಿ ಕಡ್ಡಾಯ ಮಾಡಿ 2008ರಲ್ಲಿ ಕೈಬಿಟ್ಟರಲ್ಲ, ಅದಕ್ಕೇನಂತೀಯ?

ಮೇಘಾ: ಮಾವ ನಿಜಕ್ಕೂ ಓದಿಕೊಂಡು ಬಂದಿದ್ದಾರೆ 😄 ಎಲ್ಲ ಕಾರಿಗೂ ಲೈಟ್ ಇದ್ದರೆ ಬೈಕಿನವರು, ನಡೆಯುವವರು ಕಣ್ಣಿಗೆ ಬೀಳೋದಿಲ್ಲ ಅನ್ನೋ ವಾದವೂ ಇದೆ. ಅಮೆರಿಕ ಸರ್ಕಾರದ 2008ರ ಅಧ್ಯಯನದಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ಲಾಭವೇನೂ ಸಿಗಲಿಲ್ಲ.

ರವಿ: ಹಾಗೆ ಹೇಳು ಮಗಳೇ!

ಕಿರಣ್: ಸರಿ, ಎಲ್ಲ ಕಡೆ ಒಂದೇ ಥರ ಲಾಭ ಇಲ್ಲ, ಒಪ್ಪಿದೆ. ಆದರೆ ನಷ್ಟ ಏನಿದೆ?

ಮೇಘಾ: ಇದೆ, ಕಾರಿನ ಹಿಂಭಾಗದಲ್ಲಿ. ನಿನ್ನೆ ಸಂಜೆ ಜೋರು ಮಳೆ. ಮುಂದಿನ ಕಾರು ಬ್ರೇಕ್ ಹಾಕಿದಾಗಲೇ ಅಲ್ಲಿ ಕಾರಿದೆ ಅಂತ ನನಗೆ ಗೊತ್ತಾಗಿದ್ದು. ದಾಟಿ ಹೋಗಿ ಕನ್ನಡಿಯಲ್ಲಿ ನೋಡಿದರೆ ಮುಂದೆ ಡಿಆರ್‌ಎಲ್ ಪಳಪಳ! ತುಂಬಾ ಕಾರುಗಳಲ್ಲಿ ಡಿಆರ್‌ಎಲ್ ಜೊತೆ ಟೇಲ್ ಲೈಟ್ ಹತ್ತುವುದಿಲ್ಲ. ಮೀಟರ್ ಬೋರ್ಡ್ ಮಾತ್ರ ಬೆಳಗುತ್ತಿರುತ್ತದೆ, ಓಡಿಸುವವರು ಎಲ್ಲ ಲೈಟೂ ಹಾಕಿದ್ದೀನಿ ಅಂದುಕೊಳ್ಳುತ್ತಾರೆ.

ರವಿ: ನನ್ನ ಕಾರಲ್ಲಿ ಹಿಂದೆ ಹತ್ತುತ್ತಾ?

ಸುಮಾ: ಸ್ಟಾರ್ಟ್ ಮಾಡಿ ಇಳಿದು ನೋಡೋ.

ರವಿ: ನೋಡಿದೆ. ಇಲ್ಲ.

ಕಿರಣ್: ಮಳೆ, ಮಬ್ಬು ಅಂದರೆ ಹೆಡ್‌ಲೈಟ್ ಸ್ವಿಚ್ ತಿರುಗಿಸಿ ಚಿಕ್ಕಪ್ಪ, ಆಗ ಹಿಂದೆಯೂ ಹತ್ತುತ್ತದೆ. ವೈರ್ ಕಥೆ ಏನಾಯಿತು?

ರವಿ: ಮೆಕ್ಯಾನಿಕ್ ಫೋನ್ ಎತ್ತಲಿಲ್ಲ. ಇರಲಿ ಬಿಡು.