‘ವಂಶವಾಹಿ ನಿಯಂತ್ರಣ’: ತಡೆಯುವುದಷ್ಟೇ ಅದರ ಅರ್ಥವೇ?

ಮಾನ್ಯರೇ,

ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಿಂದ ನಿರ್ದಿಷ್ಟ ಅಂಗಗಳು ರೂಪುಗೊಳ್ಳುವ ಬಗೆಯನ್ನು ಕುರಿತು ಪಿಯುಸಿ ವಿದ್ಯಾರ್ಥಿಗಳಿಗೆಂದು ಲೇಖನವೊಂದನ್ನು ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ಜೀನ್ ರೆಗ್ಯುಲೇಷನ್’ಗೆ ‘ವಂಶವಾಹಿ ನಿಯಂತ್ರಣ’ ಎಂಬ ರೂಢಿಯ ಪ್ರಯೋಗವನ್ನು ಅದರಲ್ಲಿ ಉಳಿಸಿಕೊಳ್ಳಬಹುದೇ ಎಂಬುದು ನನ್ನ ಪ್ರಶ್ನೆ.

ಜನನ ನಿಯಂತ್ರಣ, ಬೆಲೆ ನಿಯಂತ್ರಣ, ಮಾಲಿನ್ಯ ನಿಯಂತ್ರಣ ಎನ್ನುವಾಗಲೆಲ್ಲ ಏರುವುದನ್ನು ಅಥವಾ ಹರಡುವುದನ್ನು ತಡೆಹಿಡಿಯುವ ಅರ್ಥವೇ ಮುಂದಾಗುತ್ತದೆ. ಆದರೆ ಭ್ರೂಣದಲ್ಲಿ ನಡೆಯುವುದು ಅಷ್ಟೇ ಅಲ್ಲ. ಮೇದೋಜೀರಕ ಗ್ರಂಥಿಯನ್ನೇ ನೋಡಿ: ಭ್ರೂಣದ ಕರುಳಿನ ಗೋಡೆಯಲ್ಲಿ ಈ ಗ್ರಂಥಿ ಮೊಳೆಯಬೇಕಾದ ಕಡೆ ಪಿಡಿಎಕ್ಸ್-1 ಎಂಬ ವಂಶವಾಹಿ ಚಾಲೂ ಆಗಬೇಕು, ಅಕ್ಕಪಕ್ಕದಲ್ಲೆಲ್ಲ ಚಾಲೂ ಇರುವ ‘ಸಾನಿಕ್ ಹೆಜ್‌ಹಾಗ್’ ಎಂಬ ಇನ್ನೊಂದು ವಂಶವಾಹಿ ಅಲ್ಲಿ ಮಾತ್ರ ಸುಮ್ಮನಿರಬೇಕು. ಪಿಡಿಎಕ್ಸ್-1 ಇಲ್ಲದ ಇಲಿಗಳಲ್ಲಿ ಗ್ರಂಥಿಯೇ ಬೆಳೆಯುವುದಿಲ್ಲವೆಂದು 1994ರಲ್ಲಿ ತಿಳಿದುಬಂತು. ಎರಡನೆಯದನ್ನು ಅಲ್ಲಿ ಬಲವಂತವಾಗಿ ಚಾಲೂ ಮಾಡಿದಾಗ ಆ ಅಂಗಾಂಶ ಕರುಳಿನ ಲಕ್ಷಣ ತಾಳುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಒಂದನ್ನು ಎಬ್ಬಿಸುವುದು, ಇನ್ನೊಂದನ್ನು ಮಲಗಿಸುವುದು, ಎರಡೂ ಸೇರಿ ಒಂದೇ ಕೆಲಸ. ‘ಪಿಡಿಎಕ್ಸ್-1 ವಂಶವಾಹಿಯು ನಿಯಂತ್ರಣಕ್ಕೊಳಪಟ್ಟಿದೆ’ ಎಂದು ಓದಿದ ವಿದ್ಯಾರ್ಥಿ ಅದನ್ನು ಅದುಮಿಡಲಾಗಿದೆ ಎಂದೇ ತಿಳಿಯುವುದು ಸಹಜ.

‘ನಿಯಮನ’ ಎಂದರೆ ಸಾಕಲ್ಲವೇ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಆದರೆ ಯಂತ್ರ, ನಿಯಂತ್ರಣ, ನಿಯಮನ ಎಲ್ಲವೂ ಬಿಗಿಹಿಡಿಯುವ ಅರ್ಥದ ‘ಯಮ್’ ಧಾತುವಿನಿಂದಲೇ ಬಂದವು; ಬಳಕೆ ಕಡಿಮೆಯಿರುವುದರಿಂದ ‘ನಿಯಮನ’ಕ್ಕೆ ಹೊಸ ಅರ್ಥ ತುಂಬುವುದು ಸುಲಭವೆಂಬುದಷ್ಟೇ ಅದರ ಲಾಭ. ‘ಚಾಲನೆ’ ಅರ್ಧ ಸಂಗತಿಯನ್ನು ಮಾತ್ರ ಹೇಳುತ್ತದೆ, ‘ನಿರ್ವಹಣೆ’ಯಲ್ಲಿ ಕಚೇರಿಯ ವಾಸನೆಯಿದೆ. ನನ್ನ ಮನಸ್ಸಿನಲ್ಲಿರುವ ಚಿತ್ರ ಕೆರೆಯ ನೀರಗಂಟಿಯದು: ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತಿಳಿದು ತೂಬನ್ನು ಎತ್ತುವವನೂ ಅವನೇ, ಇಳಿಸುವವನೂ ಅವನೇ. ಈ ಎರಡನ್ನೂ ಒಟ್ಟಿಗೆ ಹೇಳುವ ನಾಮಪದ ಮಾತ್ರ ನನಗೆ ಹೊಳೆಯುತ್ತಿಲ್ಲ.

ಇದೇ ಸಂದರ್ಭದಲ್ಲಿ ‘ಕಾಂಡಕೋಶ’ದ ಬಗೆಗೂ ಒಂದು ಮಾತು. 1868ರಲ್ಲಿ ಜೀವವಿಜ್ಞಾನಿ ಅರ್ನ್‌ಸ್ಟ್ ಹೆಕೆಲ್ ಜರ್ಮನ್ನಿನಲ್ಲಿ ‘ಷ್ಟಾಮ್‌ತ್ಸೆಲ್ಲೆ’ ಎಂದಾಗ ಎಲ್ಲ ಜೀವಿಗಳ ಪೂರ್ವಜನಾದ ಏಕಕೋಶ ಜೀವಿ ಅವರ ಮನಸ್ಸಿನಲ್ಲಿತ್ತು. ‘ಷ್ಟಾಮ್’ ಎಂದರೆ ಮರದ ಬೊಡ್ಡೆಯೂ ಹೌದು, ಕುಲವೂ ಹೌದು. ಇಂಗ್ಲಿಷಿನ ‘ಸ್ಟೆಮ್ ಸೆಲ್’ ಮೂಲಕ ಬಂದ ನಮ್ಮ ‘ಕಾಂಡ’ದಲ್ಲಿ ಕುಲದ ಅರ್ಥ ಕಳಚಿಹೋಗಿ ಗಿಡ ಮಾತ್ರ ಉಳಿದಿದೆ. ನಮ್ಮ ‘ಬುಡಕಟ್ಟು’ ಎಂಬ ಪದದಲ್ಲಿ ಬುಡವೂ ಕುಲವೂ ಹಾಗೆಯೇ ಒಂದಾಗಿರುವುದನ್ನು ಕಂಡು ‘ಬುಡಕೋಶ’ ಎನ್ನಬಹುದಿತ್ತಲ್ಲ ಎನಿಸಿತು. ಕಾಂಡಕೋಶ, ಆಕರಕೋಶ ಎರಡೂ ಈಗಾಗಲೇ ನೆಲೆಯೂರಿರುವುದರಿಂದ ಅದನ್ನು ಒತ್ತಾಯಿಸುವುದಿಲ್ಲ.

ನಿಯಂತ್ರಣದ ವಿಷಯದಲ್ಲಿ ಅಷ್ಟು ಸುಲಭವಾಗಿ ಬಿಟ್ಟುಕೊಡಲು ಮನಸ್ಸಿಲ್ಲ. ಕೆರೆ, ಕಾಲುವೆ, ನೇಯ್ಗೆ, ಗಾಣ ಮೊದಲಾದ ಕಸುಬುಗಳಲ್ಲಿ ಬಿಡುವುದನ್ನೂ ತಡೆಯುವುದನ್ನೂ ಒಂದೇ ಮಾತಿನಲ್ಲಿ ಹೇಳುವ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಿ.