ಕೆಆರ್‌ಎಸ್ ಹಿಂದೆ ಅಷ್ಟೊಂದು ನೀರಿದ್ರೂ ಫಾರ್ಮುಲಾದಲ್ಲಿ ಬರೀ ಆಳ ಯಾಕೆ?

ಕಬ್ಬಿನಗದ್ದೆ
ಎಲ್ರಿಗೂ ನಮಸ್ಕಾರ, ಒಂದು ಡೌಟು. ನಾನು ಮಂಡ್ಯದಲ್ಲಿ ಡಿಪ್ಲೊಮಾ ಸಿವಿಲ್ ಓದ್ತಿದೀನಿ. ಮೊನ್ನೆ ಇಂಟರ್ನಲ್ಸ್‌ನಲ್ಲಿ ಒಂದು ಪ್ರಾಬ್ಲಮ್ ಬಂದಿತ್ತು, ತೊಟ್ಟಿ ಗೋಡೆಗೆ 3 ಮೀಟರ್ ನೀರು ನಿಂತಿದೆ, ಒಂದು ಮೀಟರ್ ಉದ್ದದ ಗೋಡೆ ಮೇಲೆ ಎಷ್ಟು ಫೋರ್ಸ್ ಅಂತ. ನಾನು ತಳದ ಪ್ರೆಷರ್ ತಗೊಂಡು ಏರಿಯಾಗೆ ಗುಣಿಸಿ 88 ಕಿಲೋನ್ಯೂಟನ್ ಬರೆದೆ, ಆನ್ಸರ್ 44 ಅಂತೆ. ಸರಿ, ಅರ್ಧ ಹಾಕೋದು ಮರ್ತಿದ್ದೆ ಅಂತ ಸುಮ್ನಾದೆ. ಆದ್ರೆ ಅದಕ್ಕಿಂತ ದೊಡ್ಡದಾಗಿ ತಲೆ ಕೊರೀತಿರೋದು ಬೇರೆ. ನಮ್ಮನೇಲಿ ದಿನಾ ಬೆಳಗ್ಗೆ ತಾತ ಪೇಪರ್ ತೆಗೆದ ತಕ್ಷಣ ನೋಡೋದೇ ಕೆಆರ್‌ಎಸ್ ಲೆವೆಲ್ಲು, 124.80 ಅಡಿ ತುಂಬಿದ್ರೆ 49 ಟಿಎಂಸಿ ಚಿಲ್ಲರೆ ನೀರು, ಅಷ್ಟು ನೀರು ಮೈಲಿಗಟ್ಟಲೆ ಹಿಂದಕ್ಕೆ ಹರಡ್ಕೊಂಡು ಕಟ್ಟೆನ ನೂಕ್ತಾ ಇರುತ್ತಲ್ವಾ, ಆದ್ರೆ ಫಾರ್ಮುಲಾದಲ್ಲಿ ಹಿನ್ನೀರು ಎಷ್ಟು ದೂರ ಇದೆ ಅನ್ನೋ ಲೆಕ್ಕನೇ ಇಲ್ಲ, ಬರೀ ಆಳ! ಕ್ಲಾಸಲ್ಲಿ ಕೇಳಿದ್ದಕ್ಕೆ ಸಿಲಬಸ್ಸಲ್ಲಿ ಇರೋದು ಬರಿ ಅಂದ್ರು. ತಾತಂಗೆ ಹೇಳಿದ್ರೆ ನಗ್ತಾರೆ, ನಿಮ್ ಪುಸ್ತಕ ಬರ್ದೋನು ಕನ್ನಂಬಾಡಿ ನೋಡಿಲ್ಲ ಬುಡು ಅಂತಾರೆ. ಯಾರಾದ್ರೂ ಬಿಡಿಸಿ ಹೇಳ್ರಪ್ಪ.

ಗೇರ್‌ಬಾಕ್ಸ್_ಮೈಸೂರು
ತಾತ ಹೇಳೋದೇ ಸರಿ ಕಣೋ. ಹತ್ತು ಜನ ನೂಕೋದಕ್ಕೂ ಸಾವಿರ ಜನ ನೂಕೋದಕ್ಕೂ ವ್ಯತ್ಯಾಸ ಇರಲ್ವಾ? ಜಾಸ್ತಿ ನೀರು ಜಾಸ್ತಿ ಫೋರ್ಸು. ಪುಸ್ತಕದ್ದು ಚಿಕ್ಕ ತೊಟ್ಟಿಗೆ ಮಾತ್ರ ಇರ್ಬೇಕು, ಡ್ಯಾಮಿಗೆ ಬೇರೆ ಫಾರ್ಮುಲಾ ಇರುತ್ತೆ.

ಮೇಸ್ತ್ರಿಮಗ
ಇಲ್ಲ ಗುರು, ಹಂಗಲ್ಲ. ನಮ್ಮಪ್ಪ ಗಾರೆ ಕೆಲಸದ ಮೇಸ್ತ್ರಿ, ರಜೆ ಬಂತಂದ್ರೆ ಲೆವೆಲ್ ಪೈಪಿನ ಒಂದು ತುದಿ ಹಿಡ್ಕೊಂಡು ನಿಂತ್ಕೊಳೋದೇ ನನ್ ಕೆಲಸ. ಗೊತ್ತಲ್ಲ, ಬೆರಳು ದಪ್ಪದ ಟ್ರಾನ್ಸ್‌ಪರೆಂಟ್ ಪೈಪು, ಒಳಗೆ ನೀರು, ಈ ಮೂಲೆ ಪಿಲ್ಲರಿಂದ ಆ ಮೂಲೆ ಪಿಲ್ಲರಿಗೆ ಲೆವೆಲ್ ಗುರುತು ಹಾಕೋಕೆ. ಒಂದ್ಸಲ ಪೈಪು ಗಿಡ್ಡ ಆಯ್ತು ಅಂತ ಅಪ್ಪ ಏನ್ ಮಾಡಿದ್ರು ಅಂದ್ರೆ ಸೈಟಲ್ಲಿದ್ದ ಇನ್ನೂರು ಲೀಟರ್ ಡ್ರಮ್ಮನ್ನ ಮಧ್ಯದಲ್ಲಿಟ್ಟು ನೀರು ತುಂಬಿ, ಪೈಪಿನ ಒಂದು ತುದಿ ಅದರೊಳಗೆ ಮುಳುಗಿಸಿ ಇನ್ನೊಂದು ತುದಿ ಎಳ್ಕೊಂಡು ಒಂದೊಂದೇ ಪಿಲ್ಲರ್‌ಗೆ ಗುರುತು ಹಾಕಿದ್ರು. ಪೈಪಲ್ಲಿರೋದು ಅರ್ಧ ಲೀಟರೋ ಮುಕ್ಕಾಲು ಲೀಟರೋ, ಆ ಕಡೆ ಡ್ರಮ್ಮಲ್ಲಿ ಇನ್ನೂರು ಲೀಟರು. ಜಾಸ್ತಿ ನೀರು ಜಾಸ್ತಿ ನೂಕೋದಾಗಿದ್ರೆ ಪೈಪಿನ ನೀರು ಪಿಚಕಾರಿ ಥರ ಹಾರ್ಬೇಕಿತ್ತು. ಹಾರಲ್ಲ, ಎರಡೂ ಕಡೆ ಒಂದೇ ಎತ್ತರಕ್ಕೆ ನಿಲ್ಲುತ್ತೆ. ಅರ್ಧ ಲೀಟರು ಇನ್ನೂರು ಲೀಟರನ್ನ ತಡ್ಕೊಂಡು ನಿಂತಿದೆ ಅಂದ್ರೆ ಲೆಕ್ಕಕ್ಕೆ ಬರೋದು ಎತ್ತರ ಒಂದೇ ಅಲ್ವಾ.

ಗೇರ್‌ಬಾಕ್ಸ್_ಮೈಸೂರು
ಹೂಂ... ಇದು ಒಪ್ಕೋಬೇಕಾದ್ದೇ. ಮತ್ತೆ ಹಿಂದಿನ ನೀರಿನ ಭಾರ ಎಲ್ಲಿ ಹೋಯ್ತು?

ಸುರ್ಕಿ_ಅಕ್ಕ
ಅದರ ಕೆಳಗಿರೋ ನೆಲ ಹೊರ್ತಿದೆ ಕಣಪ್ಪ. ನಿಂತ ನೀರಲ್ಲಿ ಒಂದು ತೆಳು ಪದರ ನೆನೆಸ್ಕೋ, ಹಿಂದಿನ ಪದರ ಅದನ್ನ ಎಷ್ಟು ನೂಕುತ್ತೋ ಅಷ್ಟನ್ನೇ ಅದು ಮುಂದಕ್ಕೆ ದಾಟಿಸುತ್ತೆ, ತನ್ನದೂ ಸೇರ್ಸಿ ದಾಟಿಸಲ್ಲ. ನಿನ್ನ ಸಾವಿರ ಜನ ಒಬ್ಬೊಬ್ರೂ ಕಾಲೂರಿ ತಮ್ಮ ಬಲನೂ ಸೇರಿಸ್ತಾರೆ, ನೀರು ಹಂಗೆ ಕಾಲೂರಲ್ಲ.

ಈಗ ಪ್ರಶ್ನೆ ಕೇಳಿದ ತಮ್ಮಂಗೆ. ನಾನು ಸ್ಟ್ರಕ್ಚರಲ್ ಡಿಸೈನ್ ಮಾಡ್ತೀನಿ ಮೈಸೂರಲ್ಲಿ, ಡ್ಯಾಮ್ ನನ್ನ ದಿನದ ಕೆಲಸ ಅಲ್ಲ, ಸಂಪು, ಓವರ್‌ಹೆಡ್ ಟ್ಯಾಂಕು ಇಷ್ಟೇ, ಆದ್ರೂ ಲೆಕ್ಕ ಒಂದೇ. ಅರ್ಧ ಮರ್ತೆ ಅಂದ್ಯಲ್ಲ, ಅದನ್ನ ನೆನಪಿಟ್ಕೊಳೋದಲ್ಲ, ಚಿತ್ರ ಬರಿ. ಮೇಲೆ ಪ್ರೆಷರ್ ಸೊನ್ನೆ, ತಳದಲ್ಲಿ ಪೂರ್ತಿ, ಮಧ್ಯೆ ಸರಳ ರೇಖೆ, ಅಂದ್ರೆ ತ್ರಿಕೋನ. ತ್ರಿಕೋನದ ಏರಿಯಾ ನಿನ್ನ ಫೋರ್ಸು, ಅರ್ಧ ತಾನಾಗೇ ಬಂತು. ಆ ಫೋರ್ಸು ತಳದಿಂದ ಮೂರನೇ ಒಂದು ಎತ್ತರದಲ್ಲಿ ಕೂರುತ್ತೆ.

ಕೆಆರ್‌ಎಸ್‌ಗೆ ಹಾಕೋಣ. 124.80 ಅಡಿ ಅಂದ್ರೆ 38 ಮೀಟರ್, ನೀರಿನ ಕಡೆ ಮುಖ ನೆಟ್ಟಗಿದೆ ಅಂದ್ಕೊಂಡ್ರೆ, ಒಂದು ಮೀಟರ್ ಉದ್ದಕ್ಕೆ 38ರ ವರ್ಗದ ಅರ್ಧ, ಒಂದು ಘನ ಮೀಟರ್ ನೀರು ಒಂದು ಟನ್ ಅಲ್ವಾ, ಹಂಗಾಗಿ 722 ಟನ್. ತಳದಿಂದ 12.67 ಮೀಟರ್ ಮೇಲೆ ನೂಕ್ತಿದೆ, ಉರುಳಿಸೋ ಮೊಮೆಂಟ್, ಅಂದ್ರೆ ಆ ಬಲಾನ ಆ ಎತ್ತರಕ್ಕೆ ಗುಣಿಸಿದ್ದು, ಸುಮಾರು 9150 ಟನ್‌ಮೀಟರ್. ಈಗ ನೀರು 100 ಅಡಿಗೆ ಇಳೀತು ಅನ್ನು. ಆಳ ಐದರಲ್ಲಿ ಒಂದು ಪಾಲು ಕಮ್ಮಿ ಆಗಿದ್ದು ಅಷ್ಟೇ, ಮೊಮೆಂಟ್ ನೋಡು, 4730 ಆಸುಪಾಸು, ಹತ್ರ ಹತ್ರ ಅರ್ಧ! ಯಾಕಂದ್ರೆ ಆಳದ ಘನ ಅದು. ಇನ್ನೊಂದು ಮಜಾ ಹೇಳ್ತೀನಿ ತಾತಂಗೆ ಹೇಳು, ಖಾಲಿ ಕಟ್ಟೆಗೆ ಮೊದಲನೇ ಅಡಿ ನೀರು ಬಂದ್ರೆ ಮೀಟರ್ ಉದ್ದಕ್ಕೆ ಬೀಳೋ ಬಲ 46 ಕೆಜಿ, ಒಬ್ಬ ಸಣಕಲು ಹುಡುಗನ ತೂಕ. ಕೊನೇ ಅಡಿ, ಅಂದ್ರೆ 123.80ರಿಂದ 124.80ಕ್ಕೆ ಬಂದಾಗ ಹೆಚ್ಚೋದು ಹನ್ನೊಂದೂವರೆ ಟನ್.

ತಡಿಯೋದು ಏನು ಅಂದ್ರೆ ಕಟ್ಟೆಯ ಸ್ವಂತ ತೂಕ. 1911ರಲ್ಲಿ ಶುರುವಾದ ಕಟ್ಟೆ, ಕಲ್ಲು ಮತ್ತು ಸುರ್ಕಿ ಗಾರೆ, ಅಂದ್ರೆ ಸುಟ್ಟ ಇಟ್ಟಿಗೆ ಪುಡಿ ಸುಣ್ಣ. ಕಂಬಿ ಇಲ್ಲ. ಕಲ್ಲುಕಟ್ಟಡ ಒತ್ತಿದ್ರೆ ತಡಿಯುತ್ತೆ, ಎಳೆದ್ರೆ ಬಿಟ್ಕೊಳ್ಳುತ್ತೆ, ಅದಕ್ಕೇ ತೂಕ, ನೀರಿನ ಬಲ ಎರಡೂ ಸೇರಿದ ರಿಸಲ್ಟೆಂಟು ತಳದ ಮಧ್ಯದ ಮೂರನೇ ಒಂದು ಭಾಗದೊಳಗೇ ಬೀಳ್ಬೇಕು. ಆಚೆ ಹೋದ್ರೆ ನೀರಿನ ಕಡೆ ಬುಡ ಎಳೆತಕ್ಕೆ ಸಿಗುತ್ತೆ, ಬಿರುಕಿಗೆ ನೀರು ನುಗ್ಗಿ ಕೆಳಗಿಂದ ಎತ್ತೋಕೆ ಶುರು ಮಾಡುತ್ತೆ. ಆ ಅಪ್‌ಲಿಫ್ಟ್ ಲೆಕ್ಕ ಬಿಟ್ರೆ ಡಿಸೈನ್ ಕೆಟ್ಟಂಗೇ.

ಕಬ್ಬಿನಗದ್ದೆ
ಅಕ್ಕಾ ಸೂಪರ್, ಆ 46 ಕೆಜಿ ನಾನೂ ಮಾಡಿ ನೋಡ್ದೆ, ಬಂತು. ಹಂಗಾದ್ರೆ ಹಿನ್ನೀರಿನ ಉದ್ದ ಯಾವ ಲೆಕ್ಕಕ್ಕೂ ಬರೋದೇ ಇಲ್ವಾ? ತಾತಂಗೆ ಪೂರ್ತಿ ಸೋಲು ಅಂತ ಹೇಳ್ಬಹುದಾ 😄

ಸುರ್ಕಿ_ಅಕ್ಕ
ಪಾಪ, ಪೂರ್ತಿ ಸೋಲಿಸ್ಬೇಡ. ಇದೆಲ್ಲ ನಿಂತ ನೀರಿಗೆ. ಗಾಳಿ ಬೀಸಿದ್ರೆ ನೀರಿನ ಹರವು ಉದ್ದ ಇದ್ದಷ್ಟೂ ಅಲೆ ದೊಡ್ಡದಾಗುತ್ತೆ, ಸಂಜೆ ಹಿನ್ನೀರಿನ ಕಡೆ ಹೋಗಿ ನಿಂತ್ಕೊಂಡ್ರೆ ಕಾಣುತ್ತೆ. ಕಟ್ಟೆ ಎತ್ತರ 130 ಅಡಿ, ನೀರು ನಿಲ್ಲಿಸೋದು 124.80ಕ್ಕೆ, ಮಧ್ಯದ ಐದಡಿ ಚಿಲ್ಲರೆ ಸುಮ್ಮನೆ ಬಿಟ್ಟಿರೋದಲ್ಲ, ಅದೇ ಫ್ರೀಬೋರ್ಡ್. ಅಲ್ಲಿ ತಾತನ ಮಾತಿಗೆ ಜಾಗ ಇದೆ.

ಮೇಸ್ತ್ರಿಮಗ
ತಾತಂಗೆ ಬಾಯಲ್ಲಿ ಹೇಳ್ಬೇಡ ಮಗಾ, ಬಿಂದಿಗೆಗೆ ಪೈಪ್ ಇಳಿಸಿ ತೋರ್ಸು. ಪೈಪಲ್ಲಿ ಗಾಳಿ ಗುಳ್ಳೆ ಇರ್ದಂಗೆ ನೋಡ್ಕೋ, ಒಂದು ಗುಳ್ಳೆ ಇದ್ರೂ ಲೆವೆಲ್ ತಪ್ಪುತ್ತೆ, ನಮ್ಮಪ್ಪನ ಹತ್ರ ನಾನು ಬೈಸ್ಕೊಂಡಿರೋದೆಲ್ಲ ಅದಕ್ಕೇನೇ.

ಕಬ್ಬಿನಗದ್ದೆ
ತೋರಿಸ್ದೆ ಅಣ್ಣ. ಬಿಂದಿಗೆ ಸಾಕಾಗಲ್ಲ ಅಂತ ದನ ನೀರು ಕುಡಿಯೋ ತೊಟ್ಟಿಗೇ ಪೈಪ್ ಹಾಕಿಸಿದ್ರು. ಎರಡೂ ಲೆವೆಲ್ ನೋಡಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ನಿಧಾನಕ್ಕೆ, ತೊಟ್ಟಿಲಿ ಅಲೆ ಇಲ್ವಲ್ಲ ಅಂದ್ರು. ಫ್ರೀಬೋರ್ಡ್ ವಿಷಯ ನಾನಿನ್ನೂ ಹೇಳೇ ಇರ್ಲಿಲ್ಲ ಅಕ್ಕಾ!