ಪದಚರ್ಚೆ: ಹುಳಕಡ್ಡಿಯೊಳಗ ಹುಳ ಎಲ್ಲೈತಿ?

ಪ್ರಶ್ನೆ (ಹುಬ್ಬಳ್ಳಿಯಿಂದ)

ಚರ್ಮರೋಗ ವಿಭಾಗದ ಬಾಗಿಲ ಮುಂದೆ ಹಚ್ಚಲು ಒಂದು ಪುಟದ ತಿಳಿವಳಿಕೆ ಪತ್ರ ಬೇಕಾಗಿದೆ. ವಿಷಯ ಟಿನಿಯಾ: ತೊಡೆಸಂದಿ, ನಡು, ಕಂಕುಳಲ್ಲಿ ಬಳೆಯಂತೆ ಹರಡುವ ಬೇನೆ. ಕರಡಿನಲ್ಲಿ ‘ಶಿಲೀಂಧ್ರ ಸೋಂಕು’ ಎಂದಿದೆ. ಬರುವವರು ಮಾತ್ರ ‘ಗಜಕರ್ಣ ಆಗೇತ್ರಿ’ ಅಂತಾರೆ, ಕೆಲವರು ‘ಹುಳಕಡ್ಡಿ’ ಅಂತಾರೆ. ಯಾವುದನ್ನು ಇಡೋಣ? ಹೈಫಾ (ಶಿಲೀಂಧ್ರದ ದಾರದಂಥ ಭಾಗ), ಸ್ಪೋರ್ (ಅದು ಹರಡುವ ಬೀಜದಂಥ ಕಣ), ಡ್ರಗ್ ರೆಸಿಸ್ಟೆನ್ಸ್ (ಔಷಧಕ್ಕೆ ಶಿಲೀಂಧ್ರ ಸಾಯದಿರುವುದು) ಇವಕ್ಕೂ ಓದಿದ ಕೂಡಲೇ ತಿಳಿಯುವ ಮಾತು ಹೇಳಿ.

ಉತ್ತರ (ಧಾರವಾಡದಿಂದ)

ತಲೆಬರಹಕ್ಕೆ ‘ಗಜಕರ್ಣ’ ಇಡಿ, ಪಕ್ಕಕ್ಕೆ ಸಣ್ಣ ಅಕ್ಷರದಲ್ಲಿ ‘ಹುಳಕಡ್ಡಿ’. ಹುಳಕಡ್ಡಿಯಲ್ಲಿ ಹುಳ ಇಲ್ಲ. ಈ ತಪ್ಪು ಕನ್ನಡದ್ದೊಂದೇ ಅಲ್ಲ: ಇಂಗ್ಲಿಷಿನ ರಿಂಗ್‌ವರ್ಮ್‌ನಲ್ಲೂ ಹುಳವೇ, ಲ್ಯಾಟಿನ್ನಿನ ಟಿನಿಯಾ ಎಂದರೂ ಬಟ್ಟೆ ಕೊರೆಯುವ ಹುಳವೇ. ನಡುವೆ ಮಾಸಿ ಅಂಚಿನಲ್ಲಿ ಕೆಂಪಗೆ ಉಬ್ಬಿದ ಬಳೆ ನೋಡಿದವರಿಗೆಲ್ಲ ಒಳಗೊಂದು ಹುಳ ತಿನ್ನುತ್ತಾ ಹೊರಟಂತೆ ಕಂಡಿದೆ. 1841ರಲ್ಲಿ ಪ್ಯಾರಿಸ್ಸಿನ ವೈದ್ಯ ಡೇವಿಡ್ ಗ್ರೂಬಿ ತಲೆಯ ಚರ್ಮದ ಹಕ್ಕಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬೂಷ್ಟನ್ನು (ಶಿಲೀಂಧ್ರವನ್ನು) ತೋರಿಸಿದ. ಹೆಸರೊಳಗಿನ ಹುಳ ಮಾತ್ರ ಉಳಿದೇ ಹೋಯಿತು. ‘ಗಜಚರ್ಮ’ ಎಂದು ಅಚ್ಚಾಗದಂತೆ ನೋಡಿಕೊಳ್ಳಿ, ಅದು ದಪ್ಪಗಟ್ಟಿ ಒರಟಾದ ಚರ್ಮಕ್ಕೆ ಹೇಳುವ ಮಾತು. ಬೆನ್ನಿನ ಮೇಲೆ ಬಿಳಿಚಿಕೊಳ್ಳುವ ಸಿಬ್ಬು ಕೂಡ ಬೂಷ್ಟಿನದೇ, ಆದರೆ ಅದು ಮಲಸೇಜಿಯಾ ಎಂಬ ಬೇರೆ ಬೂಷ್ಟು. ಈ ಪತ್ರದಲ್ಲಿ ಅದನ್ನು ತರಬೇಡಿ.

‘ಶಿಲೀಂಧ್ರ’ ತಪ್ಪಲ್ಲ, ಆದರೆ ಕೆಲಸಕ್ಕೆ ಬಾರದು. ಸಂಸ್ಕೃತದಲ್ಲಿ ಅದು ಮಳೆ ಬಿದ್ದಾಗ ನೆಲ ಸೀಳಿ ಏಳುವ ಅಣಬೆ. ನಮ್ಮ ಕಡೆ ಈ ಪದವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಬೆಳೆಗಾರರು. ಅವರಿಗೆ ಶಿಲೀಂಧ್ರ ಅಂದರೆ ಬೂದಿ ರೋಗ, ಅದರ ಬೆನ್ನಿಗೇ ಪಂಪು ಮತ್ತು ‘ಶಿಲೀಂಧ್ರನಾಶಕ’. ಬೂದಿ ರೋಗಕ್ಕೆ ಹೊಡೆಯುವ ಹೆಕ್ಸಾಕೊನಜೋಲ್, ಗಜಕರ್ಣಕ್ಕೆ ನುಂಗುವ ಇಟ್ರಾಕೊನಜೋಲ್ ಒಂದೇ ವರ್ಗದವು. ಎರಡೂ ಬೂಷ್ಟಿನ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತವೆ. ಹೊಲದ ಔಷಧ ಮೈಗೆ ಹಚ್ಚುವ ಯೋಚನೆಗೆ ದಾರಿ ಮಾಡುವ ಪದ ಬೇಡ. ‘ಚರ್ಮದ ಬೂಷ್ಟು’ ಅನ್ನಿ, ಹಳೇ ರೊಟ್ಟಿ ಕಣ್ಣಮುಂದೆ ಬರುತ್ತದೆ, ಅಷ್ಟು ಸಾಕು.

ಹೈಫಾಗೆ ಪಠ್ಯಪುಸ್ತಕದ ‘ತಂತು’ ಬಿಟ್ಟು ‘ಎಳೆ’ ಬಳಸಿ. ಬಳೆಯ ಅಂಚಿನಿಂದ (ನಡುವಿನಿಂದಲ್ಲ, ಅಲ್ಲಿ ಬೂಷ್ಟು ಕಡಿಮೆ) ಹೊಟ್ಟು ಕೆರೆದು, ಗಾಜಿನ ಮೇಲೆ 10ರಿಂದ 20% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ, ಚರ್ಮದ ಜೀವಕೋಶ ಕರಗಲು ಹತ್ತಿಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಕಾಣುವುದು ಎಳೆಗಳೇ. ಕವಲೊಡೆದಿರುತ್ತವೆ, ಕಬ್ಬಿನಂತೆ ಗೆಣ್ಣು ಗೆಣ್ಣು. ಹಿಂದಿನ ದಿನ ಮುಲಾಮು ಹಚ್ಚಿದ್ದರೆ ಅದರ ಎಣ್ಣೆಯ ಹನಿಗಳೇ ಕಣ್ಣಿಗೆ ಬಿದ್ದು ಮೋಸವಾಗುತ್ತದೆ. ಈ ಎಳೆ ಗೆಣ್ಣಿನಲ್ಲಿ ಮುರಿದು ತುಂಡಾದರೆ ಪ್ರತಿ ತುಂಡೂ ಬಿತ್ತನೆಯ ಕಬ್ಬು ಇದ್ದಂತೆ, ಹೊಸ ಚರ್ಮಕ್ಕೆ ಬಿದ್ದಲ್ಲಿ ಚಿಗುರುತ್ತದೆ. ಹೀಗಾಗಿ ಇಲ್ಲಿಯ ಸ್ಪೋರಿಗೆ ‘ಬೀಜಕ’ಕ್ಕಿಂತ ‘ಗೆಣ್ಣುಬೀಜ’ ಹೊಂದುತ್ತದೆ.

ಡ್ರಗ್ ರೆಸಿಸ್ಟೆನ್ಸಿಗೆ ‘ಔಷಧ ನಿರೋಧಕತೆ’ ಬೇಡವೇ ಬೇಡ. ‘ರೋಗ ನಿರೋಧಕ ಶಕ್ತಿ’ ಕೇಳಿ ಕೇಳಿ ಅಭ್ಯಾಸವಾದ ಕಿವಿಗೆ ಅದೂ ಒಳ್ಳೆಯದೇ ಅನಿಸುತ್ತದೆ, ಇಲ್ಲವೇ ರೋಗಿಯ ಮೈಯೇ ಔಷಧಕ್ಕೆ ಒಗ್ಗುತ್ತಿಲ್ಲ ಎಂದಾಗುತ್ತದೆ. ಬದಲಾದದ್ದು ಬೂಷ್ಟು. ‘ಗುಳಿಗೆಗೆ ಬಗ್ಗದ ಬೂಷ್ಟು’ ಅನ್ನಿ. 2020ರಲ್ಲಿ ಹೆಸರಿಟ್ಟ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಬೂಷ್ಟು ಅಂಥದ್ದು: ಗಜಕರ್ಣಕ್ಕೆ ಕೊಡುವ ಟರ್ಬಿನಾಫಿನ್ ಹೋಗಿ ಕೂರಬೇಕಾದ, ಬೂಷ್ಟಿನ ಸ್ಕ್ವಾಲೀನ್ ಎಪಾಕ್ಸಿಡೇಸ್ ಕಿಣ್ವದ 397ನೆಯ ಜಾಗದಲ್ಲಿ ಫಿನೈಲಲನೀನ್ ಎಂಬ ಅಮೈನೋ ಆಮ್ಲ ಹೋಗಿ ಲ್ಯೂಸೀನ್ ಎಂಬ ಇನ್ನೊಂದು ಬಂದರೆ ಔಷಧಕ್ಕೆ ಹಿಡಿತ ಸಿಗುವುದಿಲ್ಲ. ಹೆಸರಿನಲ್ಲಿ ‘ಇಂಡೊ’ ಸೇರಿದ್ದು ನನಗೆ ಸರಿ ಕಾಣುವುದಿಲ್ಲ. ಹೊಸ ರೋಗಗಳಿಗೆ ಊರು, ದೇಶದ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿತ್ತು. ಅದು ರೋಗದ ಹೆಸರಿಗೆ, ಇದು ಜೀವಿಯ ಹೆಸರು ಎಂದು ವಾದಿಸಬಹುದು, ಇರಲಿ.

ಇನ್ನೊಂದು ಉತ್ತರ (ಹಾವೇರಿಯಿಂದ)

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುವುದಿದೆ. ‘ತುರಿಕೆ’ ಬದಲು ‘ತಿಂಡಿ’ ಅಂತಲೇ ಬರೀರಿ, ನಮ್ಮ ಮಂದಿ ಅನ್ನೋದು ಅದನ್ನೇ. ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರೆ ಯಾರಾದರೂ ಅದನ್ನು ಉಪ್ಪಿಟ್ಟು ಅಂತ ತಿಳಿದು ತಿದ್ದಿಯಾರು, ಅಷ್ಟು ನೋಡಿಕೊಳ್ಳಿ.

ಪೆಟ್ಟು ಕೊಡುವ ಪದ ‘ಮುಲಾಮು’. ಅಂಗಡಿಯಲ್ಲಿ ‘ತಿಂಡಿಗೆ ಮುಲಾಮು ಕೊಡ್ರಿ’ ಅಂದರೆ ಕ್ಲೊಬೆಟಸಾಲ್ ಸೇರಿದ ಟ್ಯೂಬು ಕೈಗೆ ಬರಬಹುದು. ಅದು ಸ್ಟಿರಾಯ್ಡು: ಎರಡು ದಿನದಲ್ಲಿ ತಿಂಡಿ, ಕೆಂಪು ಎರಡೂ ಇಳಿಯುತ್ತವೆ, ಚರ್ಮದ ಪ್ರತಿಭಟನೆ ಅಡಗಿದ್ದರಿಂದ ಬೂಷ್ಟು ಆರಾಮಾಗಿ ಹರಡುತ್ತದೆ, ಬಳೆಯ ಆಕಾರ ಕೆಟ್ಟು ಗುರುತೇ ಸಿಗುವುದಿಲ್ಲ. ಇದಕ್ಕೆ ವೈದ್ಯರು ‘ಟಿನಿಯಾ ಇನ್‌ಕಾಗ್ನಿಟೊ’ ಅಂತಾರೆ (ಟಿನಿಯಾ ಸ್ತ್ರೀಲಿಂಗ, ವ್ಯಾಕರಣಕ್ಕೆ ‘ಇನ್‌ಕಾಗ್ನಿಟಾ’ ಆಗಬೇಕು). ಕನ್ನಡಕ್ಕೆ ‘ವೇಷ ಮರೆಸಿದ ಗಜಕರ್ಣ’ ಹೇಗೆ? ಪತ್ರದಲ್ಲಿ ಬರಿ ‘ಮುಲಾಮು ಹಚ್ಚಿ’ ಅನ್ನದೆ, ‘ಡಾಕ್ಟರು ಬರೆದ ಮುಲಾಮನ್ನೇ, ಅಂಚು ದಾಟಿ ಎರಡು ಸೆಂಟಿಮೀಟರ್ ಹೊರಗಿನವರೆಗೆ, ದಿನಕ್ಕೆ ಎರಡು ಹೊತ್ತು, ಕಲೆ ಮಾಯವಾದ ಮೇಲೂ ಎರಡು ವಾರ’ ಎಂದು ಹಾಕಿ. ‘ಕಡಿಮೆ ಆಗೋತನಕ’ ಅಂತ ಬರೆದರೆ ತಿಂಡಿ ನಿಂತ ದಿನವೇ ಟ್ಯೂಬು ಮೂಲೆ ಸೇರುತ್ತದೆ.

‘ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ’ ಎಂಬ ಸಾಲಿನ ‘ಬಿಸಿನೀರು’ ಕೂಡ ಸಾಲದು. ಜಳಕದ ನೀರೂ ಬಿಸಿನೀರೇ, ಆದರೆ 40 ಡಿಗ್ರಿಗೆ ಗೆಣ್ಣುಬೀಜ ಸಾಯುವುದಿಲ್ಲ, 60 ಬೇಕು. ‘ಕೈ ಅದ್ದಲಾಗದಷ್ಟು ಕಾದ ನೀರು’ ಅಂತ ಬರೀರಿ.